ತಲುಪಿತೆಂಬ ಮರುನುಡಿ

ಕೃಷ್ಣಾ–ಭೀಮೆಯರ ನಡುವಣ ವಡಗೇರಾದಿಂದ ಕಲಬುರಗಿಗೆ ತೆರಳಿ ಕಂಪ್ಯೂಟರ್ ನೆಟ್‌ವರ್ಕ್ ವಿಷಯವನ್ನು ಅಭ್ಯಸಿಸುವ ವಿದ್ಯಾರ್ಥಿಯು ಮೊದಲು ಅರಿಯುವುದೇನೆಂದರೆ, ಸಂದೇಶವು ಅಖಂಡವಾಗಿ ಸಾಗದೆ, ಪ್ಯಾಕೆಟ್ಟುಗಳೆಂಬ ತುಣುಕುಗಳಾಗಿ ಒಡೆದು, ಭಿನ್ನ ಮಾರ್ಗಗಳಲ್ಲಿಯೂ ಸಂಚರಿಸಿ, ಅನುಕ್ರಮ ಸಂಖ್ಯೆಯ ಬಲದಿಂದ ಗಮ್ಯದಲ್ಲಿ ಮರಳಿ ಒಂದಾಗುವುದೆಂಬುದು.

1983ರ ಜನವರಿ 1ರಂದು ಅಮೆರಿಕೆಯ ಅರ್ಪಾನೆಟ್ ಜಾಲವು ಅಂಗೀಕರಿಸಿದ ಟಿಸಿಪಿ ಎಂಬ ಸಂವಹನ ನಿಯಮದಂತೆ, ಪ್ಯಾಕೆಟ್ಟು ತಲುಪಿತೆಂಬ ಸ್ವೀಕೃತಿ ಬಾರದಿದ್ದರೆ ಕಳುಹಿಸಿದ ಯಂತ್ರವು ಬೇಸರಿಸದೆ ಅದನ್ನೇ ಮತ್ತೊಮ್ಮೆ ಕಳುಹಿಸುವುದು. ಮುಂದೆ ಸೇರಿದ ವಿಧಿಯಂತೆ, ದಾರಿಯಲ್ಲಿ ದಟ್ಟಣೆಯುಂಟೆಂದು ತೋರಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. 1986ರಲ್ಲಿ ಆರಂಭವಾದ, ಭಾರತದ ಶಿಕ್ಷಣ–ಸಂಶೋಧನಾ ಜಾಲವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡು ಈ ವಿದ್ಯೆಗೆ ನಮ್ಮಲ್ಲಿ ನೆಲೆ ಕಲ್ಪಿಸಿತು.

ಅಂಕಗಳಿಗಾಗಿ ಕಂಠಪಾಠವಾಗುವ ಈ ನಿಯಮಗಳಲ್ಲಿ, ಕೇಳಿದೆನೆಂದು ತಿಳಿಸುವ ಸೌಜನ್ಯವೂ, ಸಂದಣಿಯಲ್ಲಿ ಅನ್ಯರಿಗೆ ಎಡೆಗೊಡುವ ಸಂಯಮವೂ ಅಡಗಿರುವುದನ್ನು ಗುರುತಿಸಿ, ಮನೆಯಲ್ಲಿಯೂ ಸಭೆಯಲ್ಲಿಯೂ ಆಚರಿಸಬಲ್ಲವರ ವ್ಯಾಸಂಗವೇ ಸಾರ್ಥಕವಾದುದು.