ಒಂದು ಫ್ಯಾನು, ಹಲವು ಆಜ್ಞೆಗಳು

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಸೇಲಂ ಜಿಲ್ಲೆಯಲ್ಲಿದ್ದ ನಮ್ಮ ಸೀಮೆ 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿತು. ವಿಳಾಸ ಬದಲಾದರೂ ಇಲ್ಲಿಯ ಮಕ್ಕಳಲ್ಲಿ ಹಲವರ ಅನ್ನದ ದಾರಿ ಹೊಸೂರಿನ ಸಿಪ್ಕಾಟ್ ಕಡೆಗೇ ಹೋಗುತ್ತದೆ. ಅಲ್ಲಿ ನಿಯಂತ್ರಣ ಜಾಲಗಳ ಕೆಲಸಕ್ಕೆ ಸೇರಿದ ನಾವು ಕೆಲವರು, ಆ ಕೆಲಸದ ಒಂದು ತೊಡಕನ್ನು, ನಾವು ಗಣಿತ ಕಲಿತ ಭಾಷೆಯಲ್ಲಿಯೇ ತಮ್ಮ ಮುಂದಿಡುತ್ತೇವೆ.

ದೊಡ್ಡ ಕಟ್ಟಡವೊಂದಕ್ಕೆ ಗಾಳಿಯೂಡುವ ಫ್ಯಾನನ್ನು ನೆನೆಯಿರಿ. ವೇಳಾಪಟ್ಟಿಯ ತಂತ್ರಾಂಶ ಬೆಳಿಗ್ಗೆ ಅದನ್ನು ನಡೆಸು ಎನ್ನುತ್ತದೆ. ವಿದ್ಯುತ್ ಉಳಿಸುವ ತಂತ್ರಾಂಶ ನಿಲ್ಲಿಸು ಎನ್ನುತ್ತದೆ. ಸೆಕೆ ತಾಳದ ನಿರ್ವಾಹಕ ಕೈಯಿಂದ ಚಾಲೂ ಮಾಡುತ್ತಾನೆ. ಹೊಗೆ ಕಂಡರೆ ಅಗ್ನಿಸುರಕ್ಷೆಯ ವ್ಯವಸ್ಥೆ ಅದನ್ನು ನಿಲ್ಲಿಸಲೇಬೇಕು, ಇಲ್ಲವಾದರೆ ಹೊಗೆ ಕೋಣೆಯಿಂದ ಕೋಣೆಗೆ ಹಬ್ಬುತ್ತದೆ. ಫ್ಯಾನು ಒಂದೇ, ಅದರ ಸ್ಥಿತಿಯನ್ನು ಬರೆಯುವವರು ನಾಲ್ವರು. ಯಾರ ಮಾತು ನಡೆಯಬೇಕು?

ಅಮೆರಿಕದ ಆಶ್ರೇ ಸಂಸ್ಥೆ 1987ರಲ್ಲಿ ಆರಂಭಿಸಿ 1995ರಲ್ಲಿ ಪ್ರಕಟಿಸಿದ ಬ್ಯಾಕ್‌ನೆಟ್ ಎಂಬ ಮಾನಕ ಇದಕ್ಕೆ ಕೊಟ್ಟ ಉತ್ತರ ಬಹಳ ಸರಳವಾದುದು. ಹೀಗೆ ಆಜ್ಞೆ ಪಡೆಯುವ ಪ್ರತಿ ಬಿಂದುವಿಗೂ 16 ಮನೆಗಳಿವೆ. ಪ್ರತಿಯೊಬ್ಬರೂ ತಮಗೆ ಗೊತ್ತುಮಾಡಿದ ಮನೆಯಲ್ಲಿ ಬರೆಯಬೇಕು. ತುಂಬಿರುವ ಮನೆಗಳಲ್ಲಿ ಅತ್ಯಂತ ಚಿಕ್ಕ ಸಂಖ್ಯೆಯದರ ಮಾತು ನಡೆಯುತ್ತದೆ. ಕೆಳಗಿನ ಮನೆಗಳ ಬರಹ ಅಳಿಯದೆ ಕಾಯುತ್ತಿರುತ್ತದೆ; ಮೇಲಿನವನು ತನ್ನ ಮನೆಯನ್ನು ಬರಿದು ಮಾಡಿದೊಡನೆ ಅದಕ್ಕೆ ಜೀವ ಬರುತ್ತದೆ. ಎಲ್ಲವೂ ಬರಿದಾದರೆ ಮೊದಲೇ ಗೊತ್ತುಮಾಡಿಟ್ಟ ಸ್ಥಿತಿಗೆ ಯಂತ್ರ ಮರಳುತ್ತದೆ. 1 ಮತ್ತು 2 ಜೀವರಕ್ಷಣೆಗೆ ಮೀಸಲು, 8 ನಿರ್ವಾಹಕನ ಕೈಗೆ. ಗಮನಿಸಿ, ಈ ಕ್ರಮದಲ್ಲಿ ಮನುಷ್ಯರ ಹುದ್ದೆಗೆ ಬೆಲೆಯಿಲ್ಲ. ವ್ಯವಸ್ಥಾಪಕರೇ ಬಂದು ಗುಂಡಿ ಒತ್ತಿದರೂ ಅವರದು 8ನೆಯ ಮನೆಯೇ. 6ನೆಯದು ಮೋಟಾರು, ಕಂಪ್ರೆಸರ್‌ಗಳ ಪಾಲಿನದು: ಒಮ್ಮೆ ಓಡಿದ ಯಂತ್ರ ಇಂತಿಷ್ಟು ನಿಮಿಷವಾದರೂ ಓಡಬೇಕೆಂಬ ಕಟ್ಟಳೆ ಅಲ್ಲಿದೆ. ಆಗ ನಿಲ್ಲಿಸಲು ಹೋದ ನಿರ್ವಾಹಕ, ಯಂತ್ರ ಕೆಟ್ಟಿತೆಂದು ಬೈಯುವುದುಂಟು.

ಇಷ್ಟು ಅಚ್ಚುಕಟ್ಟಾದ ಏರ್ಪಾಡಿದ್ದೂ ಕೆಲಸ ಕೆಡುವುದನ್ನು ನಾವು ಕಂಡಿದ್ದೇವೆ. ಬೇಸಿಗೆಯ ಒಂದು ಮಧ್ಯಾಹ್ನ 8ನೆಯ ಮನೆಯಲ್ಲಿ ‘ಚಾಲೂ’ ಎಂದು ಬರೆದವನು ಪಾಳಿ ಮುಗಿಸಿ ಹೋಗುತ್ತಾನೆ, ಬರಿದು ಮಾಡುವುದನ್ನು ಮರೆಯುತ್ತಾನೆ. ವೇಳಾಪಟ್ಟಿಯ ತಂತ್ರಾಂಶ ಪ್ರತಿ ರಾತ್ರಿ 16ನೆಯ ಮನೆಯಲ್ಲಿ ‘ನಿಲ್ಲಿಸು’ ಎಂದು ಬರೆಯುತ್ತದೆ. ಅದಕ್ಕೆ ಬರುವ ಉತ್ತರ ‘ಬರೆದದ್ದಾಯಿತು’ ಎಂದೇ! ಬರೆದದ್ದು ನಿಜ, ನಡೆಯಲಿಲ್ಲವೆಂಬುದೂ ನಿಜ. ಫ್ಯಾನು ಹಗಲಿರುಳು ಓಡುತ್ತದೆ. ತಿಂಗಳ ಕೊನೆಯಲ್ಲಿ ವಿದ್ಯುತ್ ಬಿಲ್ಲು ಬರುವವರೆಗೆ ಯಾರಿಗೂ ತಿಳಿಯದು. ಬರೆದ ಮೇಲೆ ಈಗಿನ ಸ್ಥಿತಿಯನ್ನು ಮರಳಿ ಓದಿ ನೋಡದ ತಂತ್ರಾಂಶವನ್ನು ನಾವು ನಂಬುವುದಿಲ್ಲ.

ಇನ್ನೊಂದು ಕೇಡು ಇದಕ್ಕಿಂತ ಭಯಂಕರ. ತನ್ನ ಆಜ್ಞೆ ನಡೆಯುತ್ತಿಲ್ಲವೆಂದು ಬೇಸತ್ತ ತಂತ್ರಾಂಶಗಾರ, ತನ್ನದನ್ನು 1ನೆಯ ಮನೆಗೆ ಏರಿಸಿಬಿಡುತ್ತಾನೆ. ಅಂದಿನ ಮಟ್ಟಿಗೆ ಕೆಲಸ ಸುಲಭವಾಯಿತು. ಹೊಗೆ ಎದ್ದ ದಿನ ಅಗ್ನಿಸುರಕ್ಷೆಯ ವ್ಯವಸ್ಥೆ 2ನೆಯ ಮನೆಯಲ್ಲಿ ‘ನಿಲ್ಲಿಸು’ ಎಂದು ಕೂಗಿದರೂ ಫ್ಯಾನು ಕೇಳುವುದಿಲ್ಲ. ಅಂಥ ಬರಹ ಕಂಡಲ್ಲಿ ನಾವು ಬೇರೆ ಕೆಲಸವನ್ನೆಲ್ಲ ನಿಲ್ಲಿಸಿ ಮೊದಲು ಅದನ್ನು ತೆಗೆಸುತ್ತೇವೆ.

ಮನೆಯ ಸಂಖ್ಯೆ ಹೇಳದೆ ಬರೆದರೆ ಅದು 16ಕ್ಕೇ ಹೋಗುತ್ತದೆ. ಮೂರು ತಂತ್ರಾಂಶಗಳು ಹಾಗೆ ಬರೆದರೆ ಕೊನೆಗೆ ಬರೆದದ್ದೇ ಉಳಿಯುತ್ತದೆ, ಆದ್ಯತೆಯ ಮಾತೇ ಅಲ್ಲಿಲ್ಲ.

ಕಾರ್ಖಾನೆಯ ಯಂತ್ರಗಳಲ್ಲಿ ಬಹಳವಾಗಿ ಕಾಣುವ ಮೋಡ್‌ಬಸ್ 1979ರಷ್ಟು ಹಳೆಯದು. ಅದರಲ್ಲಿ ಈ ಮನೆಗಳೇ ಇಲ್ಲ. ಯಾವಾಗಲೂ ಕೊನೆಗೆ ಬರೆದವನದೇ ಗೆಲುವು. ಅಲ್ಲಿ ನಮ್ಮ ಹಿರಿಯರ ಕೆರೆಯೇ ದಾರಿ ತೋರಿಸುತ್ತದೆ. ನೀರು ಬೇಕಾದ ರೈತರು ಎಷ್ಟೇ ಮಂದಿಯಿರಲಿ, ತೂಬು ಎತ್ತುವ ಕೈ ನೀರುಗಂಟಿಯದೊಂದೇ. ಬೇಡಿಕೆ ಅವನಲ್ಲಿಗೆ ಬರಬೇಕು, ಸರದಿ ಅವನು ನೋಡಬೇಕು. ಹಾಗೆಯೇ ಯಂತ್ರಕ್ಕೆ ಬರೆಯುವ ಹಕ್ಕನ್ನು ಒಂದೇ ತಂತ್ರಾಂಶಕ್ಕೆ ಕೊಟ್ಟು, ಉಳಿದವೆಲ್ಲ ಅದಕ್ಕೆ ಕೋರಿಕೆ ಸಲ್ಲಿಸುವಂತೆ ಮಾಡುತ್ತೇವೆ. ನೀರುಗಂಟಿ ಮಲಗಿದರೆ ಗತಿಯೇನು ಎಂದು ಕೇಳುವವರಿಗೆ: ಅವನ ಸದ್ದು ಇಷ್ಟು ಸೆಕೆಂಡು ಕೇಳದಿದ್ದರೆ ಯಂತ್ರ ತಾನೇ ಸುರಕ್ಷಿತ ಸ್ಥಿತಿಗೆ ಹೋಗುವಂತೆ ಮೊದಲೇ ಏರ್ಪಡಿಸಿರುತ್ತೇವೆ.

ಯಾರು ಯಾವ ಮನೆಯಲ್ಲಿ ಬರೆಯಬೇಕು, ಯಾವಾಗ ಬರಿದು ಮಾಡಬೇಕು ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಎಲ್ಲರೂ ಕುಳಿತು ಬರೆದು, ಆ ಹಾಳೆಯನ್ನು ನಿಯಂತ್ರಣ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸುತ್ತೇವೆ. ಈ ಶಾಲೆಯಿಂದ ಕೆಲಸ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನ ಕೈಗೆ ಸ್ಕ್ರೂಡ್ರೈವರ್ ಕೊಡುವುದಿಲ್ಲ, ಆ ಹಾಳೆಯನ್ನು ಓದಿಸುತ್ತೇವೆ.