ಅಚ್ಚಿನೊಳಗಿನ ಹಲ್ಲುಗಳು



ಅಮೆರಿಕದ ಕೊಲೊರಾಡೋ ಸಂಸ್ಥಾನದ ರಾಜಧಾನಿಯಾದ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೊರಡುವ 70ನೆಯ ಸಂಖ್ಯೆಯ ಹೆದ್ದಾರಿಯು, ಸಮುದ್ರಮಟ್ಟದಿಂದ ಸುಮಾರು 5,280 ಅಡಿ ಎತ್ತರದ ಬಯಲನ್ನು ಬಿಟ್ಟು, ರಾಕಿ ಪರ್ವತಗಳ ಕಣಿವೆಗಳನ್ನು ಅನುಸರಿಸಿ ಏರುತ್ತ ಏರುತ್ತ, ಸುಮಾರು 60 ಮೈಲಿಗಳ ದೂರದೊಳಗೆ, 11,000 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿ ಬೆಟ್ಟವನ್ನು ಕೊರೆದು ಮಾಡಿದ ಐಸೆನ್‌ಹೋವರ್ ಸುರಂಗವನ್ನು ಮುಟ್ಟುತ್ತದೆ. ಬೇಸಗೆಯ ರಜೆ ಬಂದಿತೆಂದರೆ, ಗಾಲಿಗಳ ಮೇಲೆ ಕಟ್ಟಿದ ಮನೆಗಳನ್ನೂ ಕುದುರೆಗಳನ್ನು ಹೊತ್ತ ಪೆಟ್ಟಿಗೆಬಂಡಿಗಳನ್ನೂ ದೋಣಿಗಳನ್ನೂ ತಮ್ಮ ಪಿಕಪ್ ಟ್ರಕ್ಕುಗಳ ಬೆನ್ನಿಗೆ ತಗುಲಿಸಿಕೊಂಡು ಅಸಂಖ್ಯ ಸಂಸಾರಗಳು ಈ ದಾರಿಯನ್ನು ಹಿಡಿಯುತ್ತವೆ. ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನು, ಪ್ರತಿ 1,000 ಅಡಿಗೆ ತನ್ನ ಶಕ್ತಿಯಲ್ಲಿ ನೂರಕ್ಕೆ ಸುಮಾರು 3 ಪಾಲನ್ನು ಕಳೆದುಕೊಳ್ಳುತ್ತ, ಸುರಂಗದ ಬಾಗಿಲಿಗೆ ಬರುವ ವೇಳೆಗೆ ಸಮುದ್ರಮಟ್ಟದ ಶಕ್ತಿಯ ಮೂರರಲ್ಲೊಂದು ಪಾಲನ್ನು ನೀಗಿಕೊಂಡಿರುತ್ತದೆ. ಹೊರೆಯಾದರೋ ಒಂದು ತೊಲದಷ್ಟೂ ಕಡಮೆಯಾಗಿರುವುದಿಲ್ಲ.

ಈ ಏರನ್ನು ಗೆಲ್ಲುವ ಸಿದ್ಧತೆಯು ಪ್ರಯಾಣಕ್ಕೆ ಎಷ್ಟೋ ವಾರಗಳ ಮೊದಲೆ, ಟ್ರಕ್ಕಿನ ಕೆಳಗೆ, ಅಚ್ಚನ್ನು ಮುಚ್ಚುವ, ಮಣ್ಣು ಮೆತ್ತಿದ ಕಬ್ಬಿಣದ ಹೌಸಿಂಗಿನ ಒಳಗೆ ನಡೆಯುತ್ತದೆ. ಆ ಕೆಲಸದಲ್ಲಿ ಅಡಗಿರುವ ಕಲೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದಿದ್ದೇನೆ. ಎಂಜಿನ್ನನ್ನು ಹೊಗಳುವವರು ಬಹುಮಂದಿ; ಆ ಎಂಜಿನ್ನಿನ ಶ್ರಮವು ಚಕ್ರಕ್ಕೆ ಸಾರ್ಥಕವಾಗಿ ತಲುಪುವಂತೆ ಮಾಡುವವನನ್ನು ನೆನೆಯುವವರು ವಿರಳ.

ಎಂಜಿನ್ನಿನಿಂದ ಹಿಂದಕ್ಕೆ ಹರಿಯುವ ತಿರುಗುಬಲವನ್ನು ಉದ್ದನೆಯ ಪ್ರೊಪೆಲ್ಲರ್ ಷಾಫ್ಟು ಹಿಂದಿನ ಅಚ್ಚಿಗೆ ಒಯ್ಯುತ್ತದೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ನಮ್ಮ ಲಾರಿ ಗ್ಯಾರೇಜುಗಳಲ್ಲಿ ‘ಕ್ರೌನ್ ಪಿನಿಯನ್’ ಎಂದು ಒಂದೇ ಉಸಿರಿನಲ್ಲಿ ಹೇಳುವ ಜೋಡಿ ಇದೇ. ದೊಡ್ಡದರಲ್ಲಿ 39 ಹಲ್ಲುಗಳು, ಚಿಕ್ಕದರಲ್ಲಿ 11 ಹಲ್ಲುಗಳು ಇದ್ದರೆ, ಚಕ್ರವು ಒಂದು ಸುತ್ತು ತಿರುಗಲು ಷಾಫ್ಟು ಮೂರೂವರೆಗಿಂತ ತುಸು ಹೆಚ್ಚು ಸುತ್ತು ತಿರುಗಬೇಕು. ಈ ಪ್ರಮಾಣವನ್ನು 3.55 ಎಂದು ಕರೆಯುತ್ತಾರೆ. ಬರಿದಾದ ಟ್ರಕ್ಕು ಸಮತಟ್ಟಾದ ದಾರಿಯಲ್ಲಿ ಮಿತವಾಗಿ ಪೆಟ್ರೋಲು ಕುಡಿದು ಓಡಲು ಇದು ಯೋಗ್ಯವಾದ ಪ್ರಮಾಣ. ಭಾರವಾದ ಟ್ರೇಲರನ್ನು ದೂರಕ್ಕೆ ಎಳೆಯಬೇಕಾದವನು ಆ ಜೋಡಿಯನ್ನು ತೆಗೆಸಿ, 41 ಹಲ್ಲಿನ ಕ್ರೌನಿಗೆ 10 ಹಲ್ಲಿನ ಪಿನಿಯನ್ನನ್ನು, ಎಂದರೆ 4.10ರ ಜೋಡಿಯನ್ನು, ಹಾಕಿಸುತ್ತಾನೆ. ಎಂಜಿನ್ನಿಗೆ ಒಂದು ಅಶ್ವಶಕ್ತಿಯೂ ಹೊಸದಾಗಿ ಸೇರಲಿಲ್ಲ. ಆದರೂ ಗಿಯರು ಗಿಯರಿನಲ್ಲಿಯೂ ಚಕ್ರಕ್ಕೆ ಮುಟ್ಟುವ ತಿರುಗುಬಲವು ನೂರಕ್ಕೆ 15ರಷ್ಟು ಬೆಳೆಯಿತು. 31 ಅಂಗುಲದ ಟೈರುಗಳ ಮೇಲೆ ಗಂಟೆಗೆ 60 ಮೈಲಿ ವೇಗದಲ್ಲಿ, ನೇರ ಗಿಯರಿನಲ್ಲಿ, ನಿಮಿಷಕ್ಕೆ ಸುಮಾರು 2,300 ಸುತ್ತು ತಿರುಗುತ್ತಿದ್ದ ಎಂಜಿನ್ನು ಈಗ ಸುಮಾರು 2,670 ಸುತ್ತು ತಿರುಗುತ್ತದೆ. ಅಷ್ಟರಿಂದಲೆ ಏರಿನಲ್ಲಿ ಅದರ ಏದುಸಿರು ನಿಲ್ಲುತ್ತದೆ. ಕ್ಷಣಕ್ಕೊಮ್ಮೆ ಮೇಲಿನ ಗಿಯರಿಗೂ ಕೆಳಗಿನ ಗಿಯರಿಗೂ ಹಾರಾಡುತ್ತಿದ್ದ ಆಟೋಮ್ಯಾಟಿಕ್ ಗಿಯರುಪೆಟ್ಟಿಗೆಯು ಒಂದು ಕಡೆ ನೆಲೆನಿಂತು, ಅದರ ಎಣ್ಣೆ ವೃಥಾ ಕಾಯುವುದು ತಪ್ಪುತ್ತದೆ. ಇಳಿಜಾರಿನಲ್ಲಿಯೂ ಇದೇ ಗಿಯರು ಉಪಕಾರಿ. ಸುರಂಗವನ್ನು ದಾಟಿದೊಡನೆ ಪಶ್ಚಿಮಕ್ಕೆ ನೂರಕ್ಕೆ 7ರ ಇಳಿಜಾರು ಕಾದಿರುತ್ತದೆ. ಅಲ್ಲಿ ಎಂಜಿನ್ನೆ ಹಿಡಿದು ನಿಲ್ಲಿಸುವ ಬಲವು ಹೆಚ್ಚಿದಷ್ಟೂ ಬ್ರೇಕುಗಳಿಗೆ ನೆಮ್ಮದಿ.

ಹಲ್ಲುಗಳ ಈ ಬದಲಾವಣೆಯಿಂದ ಟ್ರಕ್ಕಿನ ಚೌಕಟ್ಟಾಗಲಿ ಬ್ರೇಕಾಗಲಿ ಕೊಂಡಿಯಾಗಲಿ ಹೆಚ್ಚು ಬಲಿಷ್ಠವಾಗುವುದಿಲ್ಲವೆಂಬುದನ್ನು ಒತ್ತಿ ಹೇಳಬೇಕು. ತಯಾರಕರು ವಿಧಿಸಿದ ಭಾರದ ಮಿತಿಯನ್ನು ಮೀರುವುದಕ್ಕೆ ಇದು ಪರವಾನಗಿಯಲ್ಲ. ಇನ್ನು 4.56ರ ಮೋಹಕ್ಕೆ ಬೀಳುವವರುಂಟು. 35 ಅಂಗುಲದ ದೊಡ್ಡ ಟೈರುಗಳನ್ನು ಹಾಕಿಸಿದವನಿಗೆ ಅದು ನ್ಯಾಯವೆ. ಏಕೆಂದರೆ ಆ ಟೈರುಗಳ ಮೇಲೆ 4.56 ಎಂಬುದು 31 ಅಂಗುಲದ ಟೈರುಗಳ ಮೇಲಿನ 4.04ಕ್ಕೆ ಸಮನಾಗಿ ಬಿಡುತ್ತದೆ. ಸಾಧಾರಣ ಟೈರುಗಳಿಂದ ಸಾವಿರಾರು ಮೈಲಿ ಸಾಗಬೇಕಾದವನಿಗೆ 4.10ರ ಮಿತವೆ ಹಿತವೆಂದು ನನ್ನ ಅಭಿಪ್ರಾಯ.

ಈ ಹಲ್ಲುಗಳ ಹುಟ್ಟಿನ ಹಿಂದೆ ಒಂದು ಮನೆತನದ ತಪಸ್ಸಿದೆ. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ವಿಲಿಯಂ ಗ್ಲೀಸನ್ ಎಂಬಾತನು 1874ರಲ್ಲಿ, ಓರೆಯಾಗಿ ಕೂಡುವ ಹಲ್ಲುಗಾಲಿಗಳನ್ನು ಕೆತ್ತುವ ಯಂತ್ರವನ್ನು ನಿರ್ಮಿಸಿದನು. ಆತನ ಮಗಳಾದ ಕೇಟ್ ಗ್ಲೀಸನ್, ಸ್ತ್ರೀಯರು ಕಾರ್ಖಾನೆಯ ಹೊಸಿಲನ್ನು ತುಳಿಯುವುದೇ ಅಪೂರ್ವವಾಗಿದ್ದ ಆ ಕಾಲದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರದ ವ್ಯಾಸಂಗಕ್ಕೆ ತೊಡಗಿ, ತಂದೆಯ ಯಂತ್ರಗಳಿಗೆ ದೇಶವಿದೇಶಗಳಲ್ಲಿ ಗಿರಾಕಿಗಳನ್ನು ಸಂಪಾದಿಸಿ, 1914ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘಕ್ಕೆ ಪೂರ್ಣ ಸದಸ್ಯೆಯಾಗಿ ಆಯ್ಕೆಯಾದ ಪ್ರಥಮ ಮಹಿಳೆಯೆನಿಸಿದಳು. ಅದೇ ಕಾರ್ಖಾನೆಯಿಂದ 1920ರ ದಶಕದಲ್ಲಿ ಹೈಪಾಯ್ಡ್ ಎಂಬ ಹೊಸ ಬಗೆಯ ಹಲ್ಲು ಹೊರಬಂದಿತು. ಇದರಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕೆ ನಿಲ್ಲದೆ ಕೆಳಗೆ ಸರಿದು ನಿಲ್ಲುತ್ತದೆ. ಹಲ್ಲುಗಳು ಬಳಸಿ ಬಾಗಿ, ಒಂದನ್ನೊಂದು ಒತ್ತುವುದರ ಜೊತೆಗೆ ಉದ್ದಕ್ಕೂ ಜಾರುತ್ತ ಕೂಡುತ್ತವೆ. ಪ್ಯಾಕರ್ಡ್ ಕಾರುಗಳು ಇದನ್ನು ಮೊದಲಿಗೆ ಸ್ವೀಕರಿಸಿದವು. ಷಾಫ್ಟು ಕೆಳಗಿಳಿದುದರಿಂದ ಕಾರಿನ ನೆಲವೂ ತಗ್ಗಿತು. ಹಲ್ಲಿನ ಬಲವೂ ಹೆಚ್ಚಿತು. ಆದರೆ ಆ ಜಾರುವಿಕೆಯು ಸಾಮಾನ್ಯವಾದ ಎಣ್ಣೆಯ ಪದರವನ್ನು ಹರಿದುಹಾಕಬಲ್ಲುದಾದ್ದರಿಂದ, ವಿಶೇಷ ಒತ್ತಡವನ್ನು ತಡೆಯುವ ದಪ್ಪನೆಯ ಗಿಯರ್ ಎಣ್ಣೆ ಅದಕ್ಕೆ ಅನಿವಾರ್ಯವಾಯಿತು.

ಕ್ರೌನನ್ನೂ ಪಿನಿಯನ್ನನ್ನೂ ಕಾರ್ಖಾನೆಯಲ್ಲಿಯೆ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡಕ್ಕೂ ಒಂದೇ ಅಂಕಿಯನ್ನು ಕೆತ್ತಿ ಕಳುಹಿಸುತ್ತಾರೆ. ಒಟ್ಟಿಗೆ ಸವೆದ ಬೀಸುಕಲ್ಲಿನ ಮೇಲುಕಲ್ಲನ್ನು ಬೇರೊಂದು ಅಡಿಗಲ್ಲಿನ ಮೇಲೆ ಕೂರಿಸಿದರೆ ಹಿಟ್ಟು ಹೇಗೆ ನುಣುಪಾಗದೊ, ಹಾಗೆಯೇ ಒಂದು ಜೋಡಿಯ ಪಿನಿಯನ್ನು ಇನ್ನೊಂದು ಜೋಡಿಯ ಕ್ರೌನಿಗೆ ಒಗ್ಗುವುದಿಲ್ಲ. ಹಲ್ಲುಗಳ ಎಣಿಕೆಯಲ್ಲಿಯೂ ಒಂದು ಸೊಗಸುಂಟು. 41 ಹಲ್ಲಿನ ಒಂದೇ ಎಣಿಕೆಯ ಕ್ರೌನಿಗೆ 11 ಹಲ್ಲಿನ ಪಿನಿಯನ್ನು 3.73ನ್ನೂ, 10 ಹಲ್ಲಿನದು 4.10ನ್ನೂ, 9 ಹಲ್ಲಿನದು 4.56ನ್ನೂ ಕೊಡುತ್ತದೆ. 41 ಅವಿಭಾಜ್ಯ ಸಂಖ್ಯೆಯಾದುದರಿಂದ ಚಿಕ್ಕದರ ಪ್ರತಿಯೊಂದು ಹಲ್ಲೂ ಕಾಲಕ್ರಮದಲ್ಲಿ ದೊಡ್ಡದರ ಪ್ರತಿಯೊಂದು ಹಲ್ಲನ್ನೂ ಸಂಧಿಸುತ್ತದೆ. ಸವೆತವು ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. 40ಕ್ಕೆ 10ನ್ನು ಕೂಡಿಸಿದ್ದರೆ ಚಿಕ್ಕದರ ಪ್ರತಿ ಹಲ್ಲಿಗೂ ಜೀವಮಾನವೆಲ್ಲ ಅವೇ ನಾಲ್ಕು ಸಂಗಾತಿಗಳು. ಒಂದರ ದೋಷವು ಆ ನಾಲ್ಕರಲ್ಲಿಯೆ ಕೊರೆಯುತ್ತ ಉಳಿಯುತ್ತಿತ್ತು. ಬರಿಯ ಅಂಕಗಣಿತವು ಉಕ್ಕಿಗೆ ಇಷ್ಟು ಆಯುಸ್ಸನ್ನು ತರಬಲ್ಲುದೆಂಬುದು ನನಗೆ ಇಂದಿಗೂ ಹರ್ಷದ ಸಂಗತಿ.

ಇನ್ನು ಕುಶಲಿಯ ಕೈಕೆಲಸಕ್ಕೆ ಬರೋಣ. ಹಳೆಯ ಎಣ್ಣೆಯನ್ನು ಬಸಿದು, ಅರೆಷಾಫ್ಟುಗಳನ್ನು ಎಳೆದು, ಹಳೆಯ ಜೋಡಿಯನ್ನು ಬಿಚ್ಚುವುದು ಬಲದ ಕೆಲಸ. ಕ್ರೌನನ್ನು ಹದವಾಗಿ ಬಿಸಿಮಾಡಿ ಹಿಗ್ಗಿಸಿ, ಸುತ್ತಿಗೆಯ ಪೆಟ್ಟಿಲ್ಲದೆ ಅದರ ಪೀಠಕ್ಕೆ ಇಳಿಸಿ, ಬೋಲ್ಟುಗಳನ್ನು ಎದುರೆದುರಾಗಿ ಬಿಗಿಯುವುದು ಎಚ್ಚರದ ಕೆಲಸ. ಇವೆರಡನ್ನೂ ಯಾರಾದರೂ ಕಲಿತಾರು. ಕಲೆಯು ತೊಡಗುವುದು ಪಿನಿಯನ್ನು ಎಷ್ಟು ಆಳಕ್ಕೆ ನಿಲ್ಲಬೇಕೆಂಬ ಪ್ರಶ್ನೆಯಿಂದ. ಪಿನಿಯನ್ನಿನ ತಲೆಗೂ ಅದರ ಬೇರಿಂಗಿಗೂ ನಡುವೆ, ಕಾಗದದಷ್ಟು ತೆಳುವಾದ ಷಿಮ್ ಎಂಬ ಉಕ್ಕಿನ ಬಿಲ್ಲೆಗಳನ್ನು ಸೇರಿಸಿ ಅಥವಾ ತೆಗೆದು ಈ ಆಳವನ್ನು ನಿರ್ಧರಿಸುತ್ತಾರೆ. ಅಲ್ಲಿ ಲೆಕ್ಕವು ಅಂಗುಲದ ಸಾವಿರದಲ್ಲೊಂದು ಪಾಲಿನಲ್ಲಿ ನಡೆಯುತ್ತದೆ. ಬಿಲ್ಲೆ ಬದಲಿಸಿದಾಗಲೆಲ್ಲ ಒತ್ತಿ ಕೂರಿಸಿದ ಬೇರಿಂಗನ್ನು ಕಿತ್ತರೆ ಅದು ಕೆಡುತ್ತದೆಂದು, ಅನುಭವಸ್ಥರು ಹಳೆಯ ಬೇರಿಂಗೊಂದರ ಒಳರಂಧ್ರವನ್ನು ಉಜ್ಜಿ ಸಡಿಲಿಸಿಟ್ಟುಕೊಂಡು, ಕೈಯಿಂದಲೆ ತೊಡಿಸಿ ತೆಗೆದು ಪ್ರಯೋಗಗಳನ್ನೆಲ್ಲ ಅದರಲ್ಲಿ ಮುಗಿಸಿ, ಕಟ್ಟಕಡೆಗೆ ಹೊಸದನ್ನು ಒತ್ತುತ್ತಾರೆ. ಯಾವ ಗ್ರಂಥದಿಂದಲೂ ಅಲ್ಲ, ಕೈಗಳ ತಾಳ್ಮೆಯಿಂದ ಹುಟ್ಟಿದ ಉಪಾಯವಿದು.

ಆಳ ಸರಿಯಾಯಿತೊ ಇಲ್ಲವೊ ಎಂಬುದನ್ನು ಹೇಳುವುದು ಬಣ್ಣ. ಕ್ರೌನಿನ ಮೂರು ನಾಲ್ಕು ಹಲ್ಲುಗಳಿಗೆ ಮಂದವಾದ ಹಳದಿ ಲೇಪವನ್ನು ಕುಂಚದಿಂದ ಹಚ್ಚಿ, ಕ್ರೌನನ್ನು ಸ್ವಲ್ಪ ತಡೆದು ಹಿಡಿದು, ಪಿನಿಯನ್ನನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿದರೆ, ಹಲ್ಲು ಹಲ್ಲನ್ನು ಮುಟ್ಟಿದೆಡೆಯಲ್ಲಿ ಲೇಪವು ಒರಸಿಹೋಗಿ ಒಂದು ಅಂಡಾಕಾರದ ಗುರುತು ಮೂಡುತ್ತದೆ. ಆ ಗುರುತನ್ನು ಓದುವುದೆ ಈ ವಿದ್ಯೆಯ ಹೃದಯ. ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ನು ಅತಿಯಾಗಿ ಒಳಹೊಕ್ಕಿದೆ, ಬಿಲ್ಲೆಯನ್ನು ತೆಳ್ಳಗೆ ಮಾಡಬೇಕು. ಹಲ್ಲಿನ ನೆತ್ತಿಗೆ ಏರಿದ್ದರೆ ದೂರ ಉಳಿದಿದೆ, ದಪ್ಪ ಮಾಡಬೇಕು. ಎರಡು ಹಲ್ಲುಗಳ ನಡುವಣ ಆಟವನ್ನು ಡಯಲ್ ಗೇಜಿನಿಂದ ಅಳೆದು, ಸಾಮಾನ್ಯವಾಗಿ ಅಂಗುಲದ 0.006ರಿಂದ 0.010ರವರೆಗಿನ ಅವಕಾಶದಲ್ಲಿ ನಿಲ್ಲಿಸಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಕದಲುತ್ತದೆ. ಮತ್ತೆ ಬಿಚ್ಚು, ಮತ್ತೆ ಬಣ್ಣ ಹಚ್ಚು, ಮತ್ತೆ ಓದು.

ಇಲ್ಲಿಯೇ ನನ್ನ ಮನಸ್ಸನ್ನು ಸೆರೆಹಿಡಿದ ಸೂಕ್ಷ್ಮವೊಂದಿದೆ. ಗ್ಯಾರೇಜಿನಲ್ಲಿ ಕೈಯಿಂದ ತಿರುಗಿಸುವಾಗ ಹಲ್ಲುಗಳ ಮೇಲೆ ಹೊರೆಯೆಂಬುದೇ ಇಲ್ಲ. ಟ್ರೇಲರು ಹಿಂದಿನಿಂದ ಜಗ್ಗತೊಡಗಿದಾಗ, ಹೌಸಿಂಗೂ ಬೇರಿಂಗುಗಳೂ ಕೂದಲೆಳೆಯಷ್ಟು ಮಣಿದು, ಸ್ಪರ್ಶದ ಗುರುತು ಅಗಲವಾಗಿ ಹಲ್ಲಿನ ಹೊರತುದಿಯ ಕಡೆಗೆ ಸರಿಯುತ್ತದೆ. ಆದುದರಿಂದ ಬಲ್ಲವನು ಗುರುತನ್ನು ಹಲ್ಲಿನ ನಟ್ಟನಡುವೆ, ಅಥವಾ ಎಳ್ಳಷ್ಟು ಒಳತುದಿಯ ಕಡೆಗೆ, ಇರಿಸಿ ತೃಪ್ತನಾಗುತ್ತಾನೆ. ಇನ್ನೂ ತಗುಲಿಸದ ಗಾಲಿಮನೆಯ ತೂಕವನ್ನೂ, ಇನ್ನೂ ಕಾಣದ ಬೆಟ್ಟದ ಏರನ್ನೂ, ಆತನು ಈ ಹಳದಿಯ ಮಚ್ಚೆಯಲ್ಲಿ ಮುಂಗಂಡು ಕೆಲಸವನ್ನು ಮುಗಿಸುತ್ತಾನೆ. ಇದ್ದುದನ್ನು ಇದ್ದಂತೆ ಹೊಂದಿಸುವುದು ಕಸಬು. ಬರಲಿರುವುದಕ್ಕೆ ಹೊಂದಿಸುವುದನ್ನು ಕಲೆಯೆನ್ನದೆ ಬೇರೇನೆನ್ನಲಿ?

ಬೇರಿಂಗುಗಳ ಬಿಗಿಯದೂ ಹೀಗೆಯೇ ನಾಜೂಕಿನ ವಿಷಯ. ಹಲವು ಅಚ್ಚುಗಳಲ್ಲಿ ಪಿನಿಯನ್ನಿನ ಎರಡು ಬೇರಿಂಗುಗಳ ನಡುವೆ ತೆಳುವಾದ ಉಕ್ಕಿನ ಕೊಳವೆಯೊಂದಿರುತ್ತದೆ. ನಟ್ಟನ್ನು ಮಹಾಬಲದಿಂದ ಬಿಗಿದಾಗ ಅದು ಕುಗ್ಗುತ್ತ ಬಂದು, ಬೇರಿಂಗಿಗೆ ಬೇಕಾದ ಒತ್ತನ್ನು ಕೊಡುತ್ತದೆ. ಕುಗ್ಗಿಸಲು ಆಳೆತ್ತರದ ಸನ್ನೆ ಬೇಕು. ಕುಗ್ಗಿದ ಮೇಲೆ ಅಳೆಯುವ ಒತ್ತಾದರೊ ಬೆರಳಿನಿಂದ ತಿರುಗಿಸಿ ತಿಳಿಯುವಷ್ಟು ಅಲ್ಪ. ಒಂದು ಕೂದಲು ಹೆಚ್ಚು ಬಿಗಿದರೆ ಹಿಂದಕ್ಕೆ ಸಡಿಲಿಸಿ ಸರಿಪಡಿಸುವಂತಿಲ್ಲ. ಆ ಕೊಳವೆಯನ್ನು ಬಿಸುಟು ಹೊಸದರಿಂದ ಮೊದಲಾಗಬೇಕು. ಡೇನಾ 60 ಎಂಬ ಹೆಸರಾಂತ ಅಚ್ಚಿನಲ್ಲಿ ಕೊಳವೆಯ ಬದಲು ಬಿಲ್ಲೆಗಳೆ ಇವೆ. ಹೆಚ್ಚು ಶ್ರಮ, ಹೆಚ್ಚು ನಿಶ್ಚಯ. ನನ್ನ ಒಲವು ಅದರ ಕಡೆಗೆ.

ನಾಲ್ಕು ಚಕ್ರಗಳನ್ನೂ ಎಂಜಿನ್ನು ನಡೆಸುವ ಟ್ರಕ್ಕಾದರೆ ಮುಂದಿನ ಅಚ್ಚಿನಲ್ಲಿಯೂ ಅದೇ ಪ್ರಮಾಣದ ಜೋಡಿಯನ್ನು ಹಾಕಿಸಲೇಬೇಕು. ಇಲ್ಲವಾದರೆ ಎರಡು ಅಚ್ಚುಗಳು ಒಂದನ್ನೊಂದು ಎಳೆದಾಡಿ, ಎರಡಕ್ಕೂ ಶಕ್ತಿಯನ್ನು ಹಂಚುವ ನಡುವಣ ಪೆಟ್ಟಿಗೆಯನ್ನು ಮುರಿದಾವು. ವೇಗಮಾಪಕವನ್ನೂ ಹೊಸ ಪ್ರಮಾಣಕ್ಕೆ ತಿದ್ದಿಸಬೇಕು.

ಇಷ್ಟೆಲ್ಲ ಆದ ಮೇಲೂ ಹೊಸ ಹಲ್ಲುಗಳಿಗೆ ಆ ದಿನವೇ ಹೊರೆ ಹೊರಿಸಲಾಗದು. ಹೊಸದಾಗಿ ಜಾರುವ ಮುಖಗಳು ವಿಪರೀತ ಕಾಯುತ್ತವೆ. ಆ ಕಾವು ಮಿತಿಮೀರಿದರೆ ಎಣ್ಣೆ ಕೆಟ್ಟು, ಉಕ್ಕಿನ ಹದವೇ ಹೋಗುತ್ತದೆ. ಅದಕ್ಕಾಗಿ ಮೊದಲ 15-20 ಮೈಲಿಗಳನ್ನು ಮೆಲ್ಲಗೆ ಓಡಿಸಿ, ಅಚ್ಚು ಪೂರ್ಣವಾಗಿ ಆರುವವರೆಗೆ ನಿಲ್ಲಿಸಿ, ಹಾಗೆಯೇ ಕೆಲವು ಸಲ ಮಾಡಿ, 500 ಮೈಲಿಗಳವರೆಗೆ ಟ್ರೇಲರನ್ನು ತಗುಲಿಸದೆ ಇರಬೇಕೆಂದು ಗಿಯರು ತಯಾರಿಸುವವರು ವಿಧಿಸುತ್ತಾರೆ. ಪ್ರಯಾಣದ ಹಿಂದಿನ ವಾರ ಗ್ಯಾರೇಜಿಗೆ ಧಾವಿಸುವವನಿಗೆ ಈ ಅವಕಾಶವಿರುವುದಿಲ್ಲ. ಆತನು ದುಬಾರಿ ಬೆಲೆ ತೆತ್ತ ಹೊಸ ಜೋಡಿಯು ಮೊದಲ ಏರಿನಲ್ಲಿಯೆ ನೀಲಿಗಟ್ಟಿ ಊಳಿಡತೊಡಗಿದರೆ ಆಶ್ಚರ್ಯವಿಲ್ಲ.

500 ಮೈಲಿಗಳಾದ ಬಳಿಕ ಟ್ರಕ್ಕು ಮತ್ತೆ ಅದೇ ಕುಶಲಿಯ ಬಳಿಗೆ ಬರುತ್ತದೆ. ಆತನು ಎಣ್ಣೆಯನ್ನು ಬಸಿದು, ಲೋಹದ ಪುಡಿಯನ್ನು ಹಿಡಿಯಲೆಂದು ಇಟ್ಟಿರುವ ಅಯಸ್ಕಾಂತವನ್ನು ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಗಂಧದಂತೆ ನುಣುಪಾದ ಬೂದುಬಣ್ಣದ ಲೇಪವಿದ್ದರೆ ಹಲ್ಲುಗಳು ಒಂದನ್ನೊಂದು ಪರಿಚಯಮಾಡಿಕೊಂಡ ಸ್ವಾಭಾವಿಕ ಸವೆತವದು. ಹೊಳೆಯುವ ಚಕ್ಕೆಗಳು ಬೆರಳಿಗೆ ಚುಚ್ಚಿದರೆ ಮಾತ್ರ ಎಲ್ಲವನ್ನೂ ಪುನಃ ಬಿಚ್ಚಬೇಕು. ಲೇಪವು ನುಣುಪಾಗಿದ್ದಲ್ಲಿ ಹೊಸ ಎಣ್ಣೆಯನ್ನು ತುಂಬಿ, ಮುಚ್ಚಳವನ್ನು ಬಿಗಿದು, ಟ್ರೇಲರನ್ನು ಕೊಂಡಿಗೆ ಹಾಕಿಕೊಳ್ಳಬಹುದೆಂದು ಅಪ್ಪಣೆ ಕೊಡುತ್ತಾನೆ. ಮೊದಲ ದಿನ 15 ಮೈಲಿಗೊಮ್ಮೆ ನಿಲ್ಲಿಸಿ ಅಚ್ಚನ್ನು ಆರಗೊಡಬೇಕೆಂದು, ಹೊರಡುವ ಮುನ್ನ ಇನ್ನೊಮ್ಮೆ ಹೇಳುತ್ತಾನೆ.