ಮದ್ದು ಮತ್ತಾಗಬಾರದು



ಇಂದು ನಾವು ಮಾತನಾಡಬೇಕೆಂದಿರುವ ವಿಷಯ ತಮಗೆ ತುಸು ವಿಚಿತ್ರವೆನಿಸಬಹುದು. ಮಠದ ವೇದಿಕೆಯಿಂದ ಹೆಂಡ ಸಾರಾಯಿಗಳ ವಿರುದ್ಧ ಎಷ್ಟೋ ಮಾತು ಕೇಳಿದ್ದೀರಿ. ಗಾಂಜಾ, ಅಫೀಮುಗಳ ವಿರುದ್ಧವೂ ಕೇಳಿದ್ದೀರಿ. ಆದರೆ ಇಂದು ನಾವು ಹೇಳಹೊರಟಿರುವುದು ಔಷಧದ ಮಾತು. ಡಾಕ್ಟರರು ಚೀಟಿ ಬರೆದು ಕೊಡುವ, ಅಂಗಡಿಯಲ್ಲಿ ರಸೀದಿ ಸಮೇತ ಸಿಗುವ, ನಾವು ಮನೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವ ಗುಳಿಗೆಯ ಮಾತು.

ಹೆಂಡದ ಅಂಗಡಿಗೆ ಹೋಗುವವನು ಅತ್ತಿತ್ತ ನೋಡಿ ಒಳಗೆ ನುಸುಳುತ್ತಾನೆ. ಔಷಧದ ಅಂಗಡಿಗೆ ಯಾರೂ ಹಾಗೆ ಹೋಗುವುದಿಲ್ಲ. ಅದಕ್ಕೆಂದೇ ಈ ಚಟ ಮನೆಯೊಳಗೆ ಬಂದು ಕುಳಿತರೂ ಮನೆಯವರಿಗೆ ಬಹಳ ದಿನ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ‘ಮದ್ದು’ ಎಂಬ ಮಾತಿದೆ. ರೋಗ ಕಳೆಯುವುದೂ ಮದ್ದು. ಬಂದೂಕಿಗೆ ತುಂಬುವುದೂ ಮದ್ದು. ವೈರಿಯ ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಹಾಕುತ್ತಾರೆಂದು ಹಳ್ಳಿಯ ಜನ ಹೆದರುತ್ತಾರಲ್ಲ, ಅದೂ ಮದ್ದು. ಒಂದೇ ಮಾತಿನಲ್ಲಿ ಮೂರನ್ನೂ ಇಟ್ಟ ನಮ್ಮ ಹಿರಿಯರು ತಿಳಿಗೇಡಿಗಳಾಗಿರಲಿಲ್ಲ. ಕಾಯುವ ಶಕ್ತಿ ಎಲ್ಲಿದೆಯೋ ಕೊಲ್ಲುವ ಶಕ್ತಿಯೂ ಅಲ್ಲಿಯೇ ಇದೆ ಎಂಬುದನ್ನು ಅವರು ಅರಿತಿದ್ದರು.

ಈ ಮಾತಿಗೆ ದೃಷ್ಟಾಂತವಾಗಿ ದೂರದ ಒಂದು ನಾಡಿನ ಕಥೆಯನ್ನು ಹೇಳುತ್ತೇವೆ. ಕಥೆಯೆಂದೆವು, ಆದರೆ ಇದು ನಡೆದ ಸಂಗತಿ.

ಅಮೆರಿಕದ ಪೂರ್ವಭಾಗದಲ್ಲಿ ಅಪಲಾಚಿಯನ್ ಎಂಬ ಬೆಟ್ಟಗಳ ಸಾಲಿದೆ. ಆ ಬೆಟ್ಟಗಳ ಹೊಟ್ಟೆಯಲ್ಲಿ ಕಲ್ಲಿದ್ದಲು. ಅಲ್ಲಿಯ ಜನ ತಲೆಮಾರುಗಳಿಂದ ನೆಲದೊಳಗೆ ಇಳಿದು, ಮೊಣಕಾಲೂರಿ, ಬೆನ್ನು ಬಗ್ಗಿಸಿ ಇದ್ದಲು ಅಗೆದವರು. ಅಮೆರಿಕ ಎಂದರೆ ಎಲ್ಲರೂ ಸಿರಿವಂತರೆಂದು ನಾವು ತಿಳಿದಿರುತ್ತೇವೆ; ಇವರು ಬಡವರು, ದುಡಿದು ಉಣ್ಣುವವರು. ಅಂಥ ಕಾಯಕಕ್ಕೆ ಬೆನ್ನುನೋವು, ಮಂಡಿನೋವು ತಪ್ಪಿದ್ದಲ್ಲ. ನೋವೆಂದು ಮನೆಯಲ್ಲಿ ಕುಳಿತರೆ ಸಂಬಳವಿಲ್ಲ. ಹೀಗಾಗಿ ನೋವಿನ ಗುಳಿಗೆ ಅವರಿಗೆ ಅನ್ನದಷ್ಟೇ ಅವಶ್ಯವಾಗಿತ್ತು.

1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ಹೊಸ ಗುಳಿಗೆಯನ್ನು ಮಾರಾಟಕ್ಕೆ ತಂದಿತು. ಅದರೊಳಗಿನ ಆಕ್ಸಿಕೋಡೋನ್ ಅಫೀಮಿನ ಕುಲಕ್ಕೆ ಸೇರಿದ ವಸ್ತು. ಗುಳಿಗೆ ಹನ್ನೆರಡು ತಾಸು ನಿಧಾನವಾಗಿ ಕರಗುತ್ತದೆ, ಆದ್ದರಿಂದ ಇದರ ಚಟ ಹತ್ತುವುದು ಕಡಿಮೆ ಎಂದು ಕಂಪನಿಯ ಪ್ರಚಾರಕರು ಡಾಕ್ಟರರಿಗೆ ಹೇಳುತ್ತ ಹೋದರು. ಆದರೆ ಆ ಗುಳಿಗೆಯನ್ನು ಪುಡಿಮಾಡಿದರೆ ಸಾಕು, ಹನ್ನೆರಡು ತಾಸಿನ ಮದ್ದು ಒಂದೇ ಗಳಿಗೆಯಲ್ಲಿ ಮೈಗೇರುತ್ತಿತ್ತು. ಇದನ್ನು ಹುಡುಗರು ಕಂಡುಕೊಳ್ಳಲು ಬಹಳ ದಿನ ಹಿಡಿಯಲಿಲ್ಲ.

ಡಾಕ್ಟರರಾದರೂ ಹೇಗೆ ನಂಬಿದರು? 1980ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಒಂದು ಪತ್ರ ಅಚ್ಚಾಗಿತ್ತು. ಆಸ್ಪತ್ರೆಯಲ್ಲಿ ಮಲಗಿ ಈ ಬಗೆಯ ಔಷಧ ಪಡೆದ 11,882 ಜನರಲ್ಲಿ ಚಟ ಹತ್ತಿದ್ದು ನಾಲ್ಕೇ ಜನರಿಗೆ ಎಂದು ಅದರಲ್ಲಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ದಾದಿಯ ಕೈಯಿಂದ ಔಷಧ ಪಡೆಯುವುದು ಬೇರೆ, ತಿಂಗಳುಗಟ್ಟಲೆ ಮನೆಯಲ್ಲಿ ತಾನೇ ನುಂಗುವುದು ಬೇರೆ. ಮುಂದೆ 600ಕ್ಕೂ ಹೆಚ್ಚು ಲೇಖನಗಳು ಆ ಪತ್ರವನ್ನು ಉಲ್ಲೇಖಿಸಿದವು. ಅವುಗಳಲ್ಲಿ ಬಹಳಷ್ಟು ಲೇಖಕರು ಈ ಭೇದವನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಒಬ್ಬ ಹೇಳಿದ, ಇನ್ನೊಬ್ಬ ಕೇಳಿದ, ಮೂರನೆಯವ ಶಾಸ್ತ್ರವೆಂದು ನಂಬಿದ. ಮೂಲವನ್ನು ನೋಡದೆ ಒಪ್ಪುವ ಅಂಧಶ್ರದ್ಧೆ ಓದಿದವರಲ್ಲಿಯೂ ಇರುತ್ತದೆ, ಬಂಧುಗಳೇ!

1996ರಲ್ಲಿ ನಾಲ್ಕು ಕೋಟಿ ಎಂಬತ್ತು ಲಕ್ಷ ಡಾಲರ್ ಇದ್ದ ಆ ಗುಳಿಗೆಯ ಮಾರಾಟ 2000ದ ಹೊತ್ತಿಗೆ ನೂರು ಕೋಟಿ ಡಾಲರನ್ನು ದಾಟಿತು.

ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿ ಲೀ ಎಂಬ ಜಿಲ್ಲೆಯಿದೆ. ಅಲ್ಲಿಯ ಸೇಂಟ್ ಚಾರ್ಲ್ಸ್ ಎಂಬ ಸಣ್ಣ ಊರಿನಲ್ಲಿ ಆರ್ಟ್ ವ್ಯಾನ್ ಝೀ ಎಂಬ ಡಾಕ್ಟರರು ಬಹುಕಾಲದಿಂದ ಬಡವರಿಗೆ ಚಿಕಿತ್ಸೆ ಮಾಡುತ್ತಿದ್ದರು. ಎಳೆಗೂಸುಗಳಾಗಿದ್ದಾಗ ತಾವೇ ಲಸಿಕೆ ಹಾಕಿದ ಮಕ್ಕಳು ಹರೆಯಕ್ಕೆ ಬಂದು ಈ ಗುಳಿಗೆಗೆ ಬಲಿಯಾಗುವುದನ್ನು ಅವರು ಕಣ್ಣಾರೆ ಕಂಡರು. ಅದೇ ಜಿಲ್ಲೆಯಲ್ಲಿ ಬೆತ್ ಡೇವಿಸ್ ಎಂಬ ಕ್ರೈಸ್ತ ಸನ್ಯಾಸಿನಿ ಚಟಕ್ಕೆ ಬಿದ್ದವರ ಆರೈಕೆ ಮಾಡುತ್ತಿದ್ದರು. ಇವರಿಬ್ಬರೂ ಊರವರನ್ನು ಕೂಡಿಸಿದರು. ಈ ಗುಳಿಗೆಯನ್ನು ಪೇಟೆಯಿಂದ ಹಿಂದೆಗೆಯಿರಿ ಎಂಬ ಮನವಿಗೆ 2001ರಲ್ಲಿ ಸಾವಿರಾರು ಜನರ ಸಹಿ ಕೂಡಿಸಿದರು. ಕಂಪನಿಯವರು ಬಂದರು, ನಿಮ್ಮ ಊರಿಗೆ ಧನಸಹಾಯ ಕೊಡುತ್ತೇವೆ ಎಂದರು. ಊರು ಬಡತನದಲ್ಲಿತ್ತು, ಹಣದ ಅವಶ್ಯಕತೆ ಇದ್ದೇ ಇತ್ತು. ಆದರೂ ಅವರು ಆ ಹಣವನ್ನು ಮುಟ್ಟಲಿಲ್ಲ. ನಮ್ಮ ಮಕ್ಕಳ ರಕ್ತ ಅಂಟಿದ ಹಣ ನಮಗೆ ಬೇಡ ಎಂಬುದು ಅವರ ನಿಲುವಾಗಿತ್ತು. ಧರ್ಮ ಯಾವುದಾದರೇನು, ಈ ನಿಷ್ಠೆಗೆ ನಾವು ಶರಣೆನ್ನಲೇಬೇಕು.

2007ರಲ್ಲಿ ಅದೇ ಬೆಟ್ಟಸೀಮೆಯ ಆಬಿಂಗ್ಡನ್ ಎಂಬ ಊರಿನ ನ್ಯಾಯಾಲಯದಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. ಚಟ ಹತ್ತುವ ಅಪಾಯದ ಬಗ್ಗೆ ಸುಳ್ಳು ಹೇಳಿ ಮಾರಿದ್ದಕ್ಕಾಗಿ ಕಂಪನಿ ಮತ್ತು ಅದರ ಮೂವರು ಅಧಿಕಾರಿಗಳು ತೆತ್ತ ದಂಡ ಅರವತ್ತು ಕೋಟಿ ಡಾಲರಿಗೂ ಮೇಲೆ. 2020ರಲ್ಲಿ ಅದೇ ಕಂಪನಿ ಬೇರೆ ಅಪರಾಧಗಳಿಗಾಗಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು.

ಆ ಸೀಮೆಯಲ್ಲಿ ಹೀಗೆ ಗುಳಿಗೆ ಸುರಿದ ಕಂಪನಿ ಇದೊಂದೇ ಅಲ್ಲ. ಪಕ್ಕದ ಪಶ್ಚಿಮ ವರ್ಜೀನಿಯಾ ರಾಜ್ಯಕ್ಕೆ ಬನ್ನಿ. ಅಲ್ಲಿ ಕರ್ಮಿಟ್ ಎಂಬ ಊರಿದೆ. ಆ ದಿನಗಳಲ್ಲಿ ಅದರ ಜನಸಂಖ್ಯೆ ಸುಮಾರು 400. ನಮ್ಮ ಕಡೆ ಇದನ್ನು ಊರೆಂದೂ ಕರೆಯುವುದಿಲ್ಲ, ವಸ್ತಿ ಎನ್ನುತ್ತೇವೆ. ಆ ವಸ್ತಿಯ ಒಂದೇ ಔಷಧ ಅಂಗಡಿಗೆ ಎರಡು ವರ್ಷಗಳಲ್ಲಿ ಬಂದ ನೋವಿನ ಗುಳಿಗೆಗಳು ಸುಮಾರು 90 ಲಕ್ಷ! ಇಡೀ ರಾಜ್ಯಕ್ಕೆ ಆರು ವರ್ಷಗಳಲ್ಲಿ ಬಂದದ್ದು 78 ಕೋಟಿ. ತೊಟ್ಟಿಲ ಕೂಸೂ ಸೇರಿ ತಲೆಗೆ 433 ಗುಳಿಗೆ. ಅದೇ ಅವಧಿಯಲ್ಲಿ ಅದೇ ಬಗೆಯ ಗುಳಿಗೆಗಳಿಂದ ಸತ್ತವರು 1,728 ಜನ. ಎರಿಕ್ ಐರ್ ಎಂಬ ಪತ್ರಕರ್ತರು ಲೆಕ್ಕಪತ್ರಗಳನ್ನು ಹುಡುಕಿ ತೆಗೆದು 2016ರಲ್ಲಿ ಇದನ್ನು ಬಯಲಿಗಿಟ್ಟರು.

ಈಗ ತಾವೇ ಯೋಚಿಸಿ. ಇದರಲ್ಲಿ ಕಳ್ಳರು ಯಾರು? ಕಂಪನಿಗೆ ಪರವಾನಗಿ ಇತ್ತು. ಸಾಗಿಸಿದವನ ಹತ್ತಿರ ಕಾಗದಪತ್ರಗಳಿದ್ದವು. ಬರೆದ ಡಾಕ್ಟರರಿಗೆ ಪದವಿ ಇತ್ತು. ಮಾರಿದ ಅಂಗಡಿಗೆ ಬೋರ್ಡು ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತು. ಬೇಲಿಯ ಪ್ರತಿಯೊಂದು ಮುಳ್ಳೂ ‘ನನ್ನ ಕೆಲಸ ನಾನು ಮಾಡಿದೆ’ ಎಂದು ಹೇಳುತ್ತಿತ್ತು, ಅಷ್ಟೇ. ಕೈಗೆ ಬಂದ ಕೆಲಸವನ್ನೆಲ್ಲ ಕಾಯಕವೆನ್ನಲಾಗದು. ಆ ಕೆಲಸದಿಂದ ಎದುರಿನವನಿಗೆ ಏನಾಗುತ್ತದೆ ಎಂದು ನೋಡಿ ಮಾಡುವುದೇ ಕಾಯಕ. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೃತ್ತಿಯೇ ಅವರ ಕಾಯಕ. ಔಷಧ ಕೊಡುವ ಕೈ, ಮಾರುವ ಕೈ ಎರಡೂ ಅವರನ್ನು ನೆನೆಯಲಿ.

ಮುಂದೆ ಆದದ್ದು ಇನ್ನೂ ಘೋರ. 2010ರಲ್ಲಿ ಆ ಗುಳಿಗೆಯನ್ನು ಸುಲಭಕ್ಕೆ ಪುಡಿಯಾಗದಂತೆ ಬದಲಿಸಿದರು. ಡಾಕ್ಟರರೂ ಬರೆಯುವುದನ್ನು ಕಡಿಮೆ ಮಾಡುತ್ತ ಬಂದರು. ಆದರೆ ಆಗಲೇ ಚಟ ಹತ್ತಿದವರ ಗತಿಯೇನು? ಸಾಕಷ್ಟು ಚಿಕಿತ್ಸೆಯ ಏರ್ಪಾಡು ಇರಲಿಲ್ಲ. ಬಹಳ ಜನ ಬೀದಿಯ ಹೆರಾಯಿನ್‌ಗೆ, ಆಮೇಲೆ ಸಾಸಿವೆ ಕಾಳಿನಷ್ಟರಲ್ಲಿ ಜೀವ ತೆಗೆಯುವ ಫೆಂಟನಿಲ್‌ಗೆ ಬಿದ್ದರು. 1999ರಿಂದ 2022ರವರೆಗೆ ಆ ದೇಶದಲ್ಲಿ ಗುಳಿಗೆ, ಬೀದಿಮಾಲು ಎರಡೂ ಸೇರಿ ಈ ಅಫೀಮಿನ ಕುಲದ ವಸ್ತುಗಳನ್ನು ಮಿತಿಮೀರಿ ಸೇವಿಸಿ ಸತ್ತವರು ಏಳು ಲಕ್ಷಕ್ಕೂ ಹೆಚ್ಚು. ಆ ಬೆಟ್ಟಗಳ ಊರುಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಸಾಕಿದರು. ತಾಯಿಯ ಹೊಟ್ಟೆಯಲ್ಲಿಯೇ ಚಟವನ್ನು ಪಡೆದು, ಹುಟ್ಟುತ್ತಲೇ ಅದಿಲ್ಲದೆ ನಡುಗುವ ಕೂಸುಗಳನ್ನು ದಾದಿಯರು ಎದೆಗವಚಿಕೊಂಡು ಸಂತೈಸಬೇಕಾಯಿತು.

‘ಅಮೆರಿಕದ ಗೊಡವೆ ನಮಗೇಕೆ?’ ಎಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. 2019ರಲ್ಲಿ ಕೇಂದ್ರ ಸರಕಾರ ಒಂದು ಸಮೀಕ್ಷೆಯ ವರದಿ ಪ್ರಕಟಿಸಿತು. ಡಾಕ್ಟರರ ಸಲಹೆಯಿಲ್ಲದೆ ನಿದ್ದೆಯ, ಮನಸ್ಸು ತಣಿಸುವ ಗುಳಿಗೆಗಳನ್ನು ಸೇವಿಸುವವರು ನಮ್ಮ ದೇಶದಲ್ಲಿ ಸುಮಾರು 1 ಕೋಟಿ 18 ಲಕ್ಷ ಜನ ಎಂದು ಅದರಲ್ಲಿದೆ. ಕಬ್ಬು ಕಡಿದು ಬಂದವನಿಗೆ ಮೈನೋವು. ಪಕ್ಕದವನು ತನ್ನ ಗುಳಿಗೆ ಕೊಡುತ್ತಾನೆ. ಮೂರು ವರ್ಷದ ಹಿಂದಿನ ಚೀಟಿ ತೋರಿಸಿ ಅಜ್ಜಿ ಇನ್ನೂ ನಿದ್ದೆಗುಳಿಗೆ ತರಿಸುತ್ತಾಳೆ. ನೋವು ಹೋದರೂ ಗುಳಿಗೆ ಹೋಗುವುದಿಲ್ಲ. ಮೊದಲು ಒಂದಿದ್ದದ್ದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೊದಲು ನೋವಿಗಾಗಿ ನುಂಗಿದವನು, ಕೊನೆಗೆ ನುಂಗದಿದ್ದರೆ ಆಗುವ ನೋವಿಗಾಗಿ ನುಂಗುತ್ತಾನೆ.

ಕೆಲವು ದಿನಗಳ ಹಿಂದೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದಳು. ಟ್ರ್ಯಾಕ್ಟರಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಗುಳಿಗೆ ಹಿಡಿದ ಹುಡುಗ, ಬಿಡಲಾರದೆ ಒದ್ದಾಡುತ್ತಿದ್ದ. “ಅಪ್ಪಾವರ, ಇವನ ಕಡಿಂದ ಲಿಂಗ ಮುಟ್ಟಿ ಆಣಿ ಮಾಡಸ್ರಿ, ಇವತ್ತಿಂದನಽ ಬಿಡ್ಲಿ. ಹೊರಗ ಗೊತ್ತಾದ್ರ ಇವಗ ಯಾರೂ ಹೆಣ್ಣ ಕೊಡಂಗಿಲ್ರಿ” ಎಂದು ಅತ್ತಳು. ನಾವೆಂದೆವು: “ತಾಯಿ, ಆಣೆ ಆಮೇಲೆ. ಮೊದಲು ಆಸ್ಪತ್ರೆ. ಇವತ್ತು ಆಣೆ ಮಾಡಿಸಿದರೆ ನಾಳೆ ಅವನ ಮೈ ಆ ಆಣೆಯನ್ನು ಮುರಿಸುತ್ತದೆ. ಆಗ ಅವನು ಎರಡು ಸಲ ಬೀಳುತ್ತಾನೆ, ಒಮ್ಮೆ ಗುಳಿಗೆಗೆ, ಇನ್ನೊಮ್ಮೆ ನಾಚಿಕೆಗೆ.” ಹುಡುಗ ಅಲ್ಲಿಯವರೆಗೆ ತಲೆಯೆತ್ತಿರಲಿಲ್ಲ, ಈ ಮಾತಿಗೆ ತಲೆಯೆತ್ತಿ ನೋಡಿದ. ಅವರು ಆಸ್ಪತ್ರೆಗೆ ಹೋದರು. ನಡುವೆ ಒಮ್ಮೆ ಜಾರಿದ. ತಾಯಿಯೇ ಮತ್ತೆ ಕರೆದೊಯ್ದಳು. ಈಗಲೂ ಚಿಕಿತ್ಸೆ ನಡೆದಿದೆ, ಹೊಲಕ್ಕೂ ಹೋಗುತ್ತಿದ್ದಾನೆ.

ಈ ಮಾತನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಬೇಕು. ಬಹುದಿನ ನಿದ್ದೆಗುಳಿಗೆ ನುಂಗಿದವನು ಅದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸು ಬಂದು ಜೀವಕ್ಕೇ ಅಪಾಯವಾಗಬಹುದು. ಅಫೀಮಿನ ಕುಲದ ಗುಳಿಗೆಯನ್ನು ಕೆಲಕಾಲ ಬಿಟ್ಟು ಮತ್ತೆ ಮೊದಲಿನಷ್ಟೇ ನುಂಗಿದರೆ, ತಡೆಯುವ ಶಕ್ತಿ ಕುಂದಿದ ಮೈ ಅದನ್ನು ತಾಳಲಾರದೆ ಉಸಿರೇ ನಿಲ್ಲಬಹುದು. ಆದ್ದರಿಂದ ಕೋಣೆಗೆ ಕೂಡಿಹಾಕುವುದು, ಹೊಡೆಯುವುದು, ಆಣೆ ಹಾಕಿಸುವುದು ಚಿಕಿತ್ಸೆಯಲ್ಲ. ಬಲ್ಲ ಡಾಕ್ಟರರು ಹಂತಹಂತವಾಗಿ ಇಳಿಸುತ್ತಾರೆ. ಬೇಕಾದರೆ ಬದಲಿ ಔಷಧ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಮನಸ್ಸಿನ ತೊಂದರೆಗಳಿಗೆ, 14446ಕ್ಕೆ ಮಾಡಿದರೆ ಚಟ ಬಿಡಿಸುವುದಕ್ಕೆ ಸರಕಾರದ ಕಡೆಯಿಂದ ಸಲಹೆ ಸಿಗುತ್ತದೆ. ಪೊಲೀಸರ ಭಯವೇ? 1985ರ ಮಾದಕ ವಸ್ತು ಕಾನೂನು ಕೂಡ, ತಾನಾಗಿಯೇ ಚಿಕಿತ್ಸೆಗೆ ಬರುವ ಚಟಗಾರನಿಗೆ ಶಿಕ್ಷೆಯಿಂದ ಪಾರಾಗುವ ದಾರಿ ಇಟ್ಟಿದೆ. ಕಾನೂನೇ ಬಾಗಿಲು ತೆರೆದಿರುವಾಗ ಬಂಧುಬಳಗ ಬಾಗಿಲು ಹಾಕಬಹುದೆ?

ಔಷಧದ ಅಂಗಡಿಯ ಬಂಧುಗಳೂ ಈ ಸಭೆಯಲ್ಲಿದ್ದೀರಿ. ಇಂಥ ಎಷ್ಟೋ ಔಷಧಗಳನ್ನು ಚೀಟಿಯಿಲ್ಲದೆ ಕೊಡಬಾರದು, ಬರೆದವರ ಹೆಸರು, ಒಯ್ದವರ ಹೆಸರು ಬೇರೆ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕು ಎಂಬ ನಿಯಮ 2014ರಿಂದ ಇದೆ. ತಮಗೆ ಗೊತ್ತೇ ಇದೆ. ಆ ಪುಸ್ತಕವನ್ನು ಇನ್‌ಸ್ಪೆಕ್ಟರರಿಗಾಗಿ ಬರೆಯಬೇಡಿ, ಮನಸ್ಸಾಕ್ಷಿಗಾಗಿ ಬರೆಯಿರಿ. ಕರ್ಮಿಟ್ ಊರಿನ ಅಂಗಡಿಯಲ್ಲಿಯೂ ಲೆಕ್ಕವಿತ್ತು. ಲೆಕ್ಕ ನೋಡಿ ಅಳುಕುವ ಮನಸ್ಸು ಇರಲಿಲ್ಲ.

ಇಷ್ಟೆಲ್ಲ ಕೇಳಿ ತಾವು ಔಷಧವನ್ನೇ ದೂಷಿಸಬಾರದು. ಕ್ಯಾನ್ಸರಿನ ಕೊನೆಯ ದಿನಗಳ ನೋವು ಕಂಡವರಿಗೆ ಗೊತ್ತು, ಆಗ ಮಾರ್ಫಿನ್ ಎಂಬುದು ಕರುಣೆಯ ಇನ್ನೊಂದು ಹೆಸರು. ಅದು ಅಂಥ ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾನೂನನ್ನು ತಿದ್ದಿದರು. ಚಟದ ಭಯದಿಂದ ಸಾಯುವವನಿಗೆ ನೋವಿನ ಮದ್ದು ನಿರಾಕರಿಸುವುದೂ ಹಿಂಸೆಯೇ. ಮದ್ದು ಮದ್ದಾಗಿಯೇ ಇರಲಿ, ಮತ್ತಾಗದಿರಲಿ, ನಾವು ಕೇಳುವುದಿಷ್ಟೇ.

ಮನೆಗೆ ಹೋದ ಮೇಲೆ ಎಲ್ಲರೂ ಒಂದು ಕೆಲಸ ಮಾಡಿರಿ. ಮನೆಯ ಗೂಡು, ಕಪಾಟು ತೆರೆದು ನೋಡಿ. ಯಾವ ಗುಳಿಗೆ, ಯಾರಿಗೆ, ಯಾವಾಗ ಬರೆದದ್ದು ಎಂದು ಕೇಳಿ. ಉಳಿದದ್ದನ್ನು ಮುಂದಕ್ಕಾದೀತೆಂದು ಇಟ್ಟುಕೊಳ್ಳಬೇಡಿ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬೇಡಿ. ಬಹುದಿನದಿಂದ ನುಂಗುವವರು ಮನೆಯಲ್ಲಿದ್ದರೆ ಬೈಯದೆ ಹತ್ತಿರ ಕುಳಿತು ಮಾತನಾಡಿಸಿ, ಡಾಕ್ಟರರ ಬಳಿ ಜೊತೆಯಾಗಿ ಹೋಗಿ. ನೆರೆಮನೆಯ ಮಗ ಇದಕ್ಕೆ ಬಿದ್ದನೆಂದು ತಿಳಿದರೆ ಕಟ್ಟೆಯ ಮೇಲೆ ಆಡಿಕೊಳ್ಳಬೇಡಿ. ಆ ಬೆಟ್ಟದ ಊರುಗಳಲ್ಲಿ ಗುಳಿಗೆ ಎಷ್ಟು ಜನರನ್ನು ಕೊಂದಿತೆಂಬ ಲೆಕ್ಕವಿದೆ. ನಾಚಿಕೆ ಎಷ್ಟು ಜನರನ್ನು ಕೊಂದಿತೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮಠದ ಬಾಗಿಲು ಅಂಥವರಿಗೆ ಹಗಲೂ ರಾತ್ರಿ ತೆರೆದಿದೆ. ತಮ್ಮ ಮನೆಯ ಬಾಗಿಲೂ ತೆರೆದಿರಲಿ. ಎಲ್ಲರಿಗೂ ಆರೋಗ್ಯ, ಅರಿವು ಎರಡೂ ಲಭಿಸಲೆಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.